ಗೃಹವೈದ್ಯ: ಮಧುಮೇಹವೂ ಸೂಕ್ಷ್ಮ ರಕ್ತನಾಳಗಳೂ

ಕಾಳಗಿ, ಸೇಡಂ, ಶಹಾಬಾದ್ ಸೀಮೆಯ ಅಂಗಳದ ಹಾಸುಗಲ್ಲು ವೈಶಾಖದಲ್ಲಿ ಕೆಂಡದಂತೆ ಕಾಯುವುದು. ಅದರ ಮೇಲೆ ಬರಿಗಾಲಲ್ಲಿ ನಿಂತರೂ ಮಧುಮೇಹಿಗಳಾದ ಹಿರಿಯರಿಗೆ ಸುಡದಿದ್ದರೆ, ಅದನ್ನು ನಾವು ಗಟ್ಟಿತನವೆಂದು ಮೆಚ್ಚಲಾರೆವು. ಅದು ರೋಗದ ಗುರುತು. ರಕ್ತದಲ್ಲಿ ಸಕ್ಕರೆಯು ಬಹುಕಾಲ ಹೆಚ್ಚಿದ್ದರೆ ಕೂದಲಿಗಿಂತಲೂ ಸಣ್ಣವಾದ ರಕ್ತನಾಳಗಳು ಕೆಡುವುವು. ಆಗ ಪಾದದ ನರಗಳು ಜಡವಾಗುವುವು, ಅಕ್ಷಿಪಟಲದಲ್ಲಿ ರಕ್ತವು ಸೋರುವುದು, ಮೂತ್ರಪಿಂಡಗಳು ಕ್ಷೀಣಿಸುವುವು. ಇವು ಬಹುಮಟ್ಟಿಗೆ ನೋವಿಲ್ಲದೆ ಮೊದಲಾಗುವುದರಿಂದಲೇ ಮನೆಯವರು ಮೋಸಹೋಗುವರು. 1998ರಲ್ಲಿ ಪ್ರಕಟವಾದ ಬ್ರಿಟನ್ನಿನ ದೀರ್ಘ ಪರಿಶೋಧನೆಯಲ್ಲಿ, ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಿಗೆ ಇಂಥ ತೊಡಕುಗಳು ನೂರಕ್ಕೆ 25ರಷ್ಟು ಕಡಮೆಯಾದುವು. ಆದುದರಿಂದ ವರ್ಷಕ್ಕೊಮ್ಮೆ ಕಣ್ಣು, ಮೂತ್ರ, ಪಾದಗಳ ಪರೀಕ್ಷೆ ಮಾಡಿಸಿರಿ; ರಕ್ತದೊತ್ತಡವನ್ನೂ ಗಮನಿಸಿರಿ. ಪ್ರತಿರಾತ್ರಿಯೂ ಹಿರಿಯರ ಅಂಗಾಲನ್ನು ದೀಪದ ಬೆಳಕಿನಲ್ಲಿ ನೋಡಬೇಕೆಂದು ನಮ್ಮ ಬಿನ್ನಹ.