ಕೌಂಟಿಯ ಕಡತದಲ್ಲಿಲ್ಲದ ಮದುವೆಗಳು

ಅಮೇರಿಕದಲ್ಲಿ ಉದ್ಯೋಗದಲ್ಲಿರುವ ವರನ ಪ್ರಸ್ತಾಪ ಬಂದಾಗ ನಮ್ಮ ಹೆಣ್ಣು ಹೆತ್ತವರು ಏನೆಲ್ಲ ವಿಚಾರಿಸುತ್ತಾರೆ? ಸಂಬಳ ಎಷ್ಟು, ಕಂಪೆನಿ ಯಾವುದು, ಗ್ರೀನ್ ಕಾರ್ಡ್ ಇದೆಯೇ, ಮನೆ ಸ್ವಂತದ್ದೇ ಬಾಡಿಗೆಯದೇ, ಕುಟುಂಬ ಹೇಗೆ, ಹುಡುಗ ನಮಾಝ್ ಮಾಡುತ್ತಾನೆಯೇ? ಇಷ್ಟನ್ನೂ ಕೇಳುವವರು ಒಂದು ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ. ಆತ ಅಲ್ಲಿ ಈಗಾಗಲೇ ಮದುವೆಯಾಗಿರುವನೇ? ಕೇಳಿದರೆ ವರನ ಕಡೆಯವರು ಮುನಿಸಿಕೊಂಡಾರು ಎಂಬ ಸಂಕೋಚ. ಈ ಸಂಕೋಚದ ಬೆಲೆ ತೆರುವವಳು ತಂದೆಯಲ್ಲ, ಮಗಳು.

ವಿಪರ್ಯಾಸವೆಂದರೆ ಈ ಪ್ರಶ್ನೆಯ ಉತ್ತರ ಬಹುಮಟ್ಟಿಗೆ ಯಾರಿಗೂ ಗುಟ್ಟಲ್ಲ. ಅಮೇರಿಕದಲ್ಲಿ ವಿವಾಹವು ಕೇಂದ್ರ ಸರಕಾರದ ವಿಷಯವಲ್ಲ. ಅದು ಆಯಾ ರಾಜ್ಯದ ಕಾನೂನಿಗೆ ಒಳಪಟ್ಟಿದೆ. ಪರವಾನಿಗೆಯನ್ನು ಹೆಚ್ಚಿನ ರಾಜ್ಯಗಳಲ್ಲಿ ಕೊಡುವುದು ನಮ್ಮ ಜಿಲ್ಲೆಗೆ ಹೋಲಿಸಬಹುದಾದ ಕೌಂಟಿಯ ಕಚೇರಿ. ಟೆಕ್ಸಾಸಿನಲ್ಲಿ ಅದು ಕೌಂಟಿ ಕ್ಲರ್ಕ್, ಜಾರ್ಜಿಯಾ ಮತ್ತು ಓಹಾಯೋದಲ್ಲಿ ಪ್ರೊಬೇಟ್ ಕೋರ್ಟು. ಪೆನ್ಸಿಲ್ವೇನಿಯಾದಲ್ಲಾದರೋ ಅನಾಥರ ನ್ಯಾಯಾಲಯ ಎಂಬ ಹೆಸರಿನ ಕೋರ್ಟಿನ ಕ್ಲರ್ಕ್. ಮದುವೆಗೂ ಅನಾಥರಿಗೂ ಏನು ಸಂಬಂಧ ಎಂದು ಕೇಳಬೇಡಿ. ಕೆಲವು ಮದುವೆಗಳನ್ನು ಕಂಡಾಗ ಸಂಬಂಧ ಇದೆಯೆಂದೇ ತೋರುತ್ತದೆ.

ಕ್ರಮ ಸರಳವಾಗಿದೆ. ಟೆಕ್ಸಾಸನ್ನೇ ನೋಡಿ. ವಧೂವರರು ಗುರುತು ಪತ್ರದೊಂದಿಗೆ ಅರ್ಜಿ ಸಲ್ಲಿಸಿ ಶುಲ್ಕ ಕಟ್ಟುತ್ತಾರೆ. ಪರವಾನಿಗೆ ದೊರೆತ ಮೇಲೆ ಸಾಮಾನ್ಯವಾಗಿ 72 ಗಂಟೆ ಕಾಯಬೇಕು, 90 ದಿನಗಳೊಳಗೆ ಮದುವೆ ನಡೆಯಬೇಕು. ನಿಕಾಹ್ ನೆರವೇರಿಸಿದ ಇಮಾಮರು ಅದೇ ಕಾಗದಕ್ಕೆ ಸಹಿ ಹಾಕುತ್ತಾರೆ. ಅದು 30 ದಿನಗಳೊಳಗೆ ಕ್ಲರ್ಕಿನ ಕೈಗೆ ಮರಳಿ ದಾಖಲಾಗುತ್ತದೆ. ಅಲ್ಲಿಂದ ಮುಂದೆ ಅದು ಸಾರ್ವಜನಿಕ ದಾಖಲೆ. ಎಷ್ಟೋ ಕೌಂಟಿಗಳಲ್ಲಿ ಹೆಸರು ಕೊಟ್ಟು ಮನೆಯ ಕಂಪ್ಯೂಟರಿನಲ್ಲೇ ಸೂಚಿಯನ್ನು ಹುಡುಕಬಹುದು. ಹಣ ಕಟ್ಟಿದರೆ ದೃಢೀಕೃತ ಪ್ರತಿ ಸಿಗುತ್ತದೆ. ಮಂಗಳೂರಿನಲ್ಲೋ ಭಟ್ಕಳದಲ್ಲೋ ಕುಳಿತ ತಂದೆಗೂ ಈ ಬಾಗಿಲು ಮುಚ್ಚಿಲ್ಲ.

ಆದರೆ ಹುಡುಕುವವರಿಗೆ ಎಚ್ಚರವಿರಲಿ. ಇಡೀ ದೇಶಕ್ಕೆ ಒಂದೇ ವಿವಾಹ ಪುಸ್ತಕ ಅಲ್ಲಿಲ್ಲ. ಮೂರು ಸಾವಿರಕ್ಕೂ ಮಿಕ್ಕಿದ ಕೌಂಟಿಗಳಿವೆ. ಹುಡುಗ ಯಾವ ಯಾವ ಊರಲ್ಲಿ ಎಷ್ಟು ವರ್ಷ ವಾಸವಿದ್ದ ಎಂಬುದನ್ನು ಮೊದಲು ತಿಳಿಯಬೇಕು. ವಾಸ ಒಂದೆಡೆ, ಮದುವೆ ಇನ್ನೊಂದೆಡೆ ಆಗಿರಲೂಬಹುದು. ನೆವಾಡಾದ ಲಾಸ್ ವೇಗಸ್ ಇರುವ ಕ್ಲಾರ್ಕ್ ಕೌಂಟಿಯಲ್ಲಿ ಕಾಯುವ ಅವಧಿಯೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಗೌಪ್ಯ ಪರವಾನಿಗೆ ಎಂಬುದೊಂದಿದೆ. ಅದರ ದಾಖಲೆ ನ್ಯಾಯಾಲಯದ ಆದೇಶವಿಲ್ಲದೆ ಹೊರಗಿನವರಿಗೆ ಸಿಗುವುದಿಲ್ಲ. ವಿಚ್ಛೇದನದ ತೀರ್ಪು ಮದುವೆಯ ಪುಸ್ತಕದಲ್ಲಲ್ಲ, ಅದನ್ನು ನೀಡಿದ ನ್ಯಾಯಾಲಯದ ಕಡತದಲ್ಲಿರುತ್ತದೆ. ಆದುದರಿಂದ ಹೆಸರು ಸಿಗಲಿಲ್ಲವೆಂದರೆ ಹುಡುಗ ಅವಿವಾಹಿತನೆಂದು ಅರ್ಥವಲ್ಲ. ಆದರೆ ಸಿಕ್ಕರೆ, ಅವನ ಮಾವನೋ ಚಿಕ್ಕಪ್ಪನೋ ಆಣೆ ಹಾಕಿ ಅಲ್ಲಗಳೆಯಲು ಸಾಧ್ಯವಿಲ್ಲ.

ಈ ಜಾಲರಿಯಲ್ಲಿರುವ ಅತಿ ದೊಡ್ಡ ತೂತು ಮಾತ್ರ ಅಮೇರಿಕನ್ನರು ಮಾಡಿದ್ದಲ್ಲ, ನಾವೇ ಮಾಡಿಕೊಂಡದ್ದು. ಕೌಂಟಿಯ ಪರವಾನಿಗೆ ಇಲ್ಲದೆ, ಮಸೀದಿಯಲ್ಲೋ ಯಾರದೋ ಮನೆಯ ಹಜಾರದಲ್ಲೋ ನಡೆಯುವ ನಿಕಾಹ್‌ಗಳ ಕುರಿತು ಹೇಳುತ್ತಿದ್ದೇನೆ. ವಲಿ, ಸಾಕ್ಷಿಗಳು, ಮಹ್ರ್ ಎಲ್ಲವೂ ಸರಿಯಾಗಿಯೇ ಇರುತ್ತದೆ. ಅಲ್ಲಾಹನ ಮುಂದೆ ಮದುವೆಯಾದ ಮೇಲೆ ಕ್ಲರ್ಕಿನ ಮುಂದೇಕೆ ನಿಲ್ಲಬೇಕು ಎಂಬ ವಾದವೂ ಸಿದ್ಧವಿರುತ್ತದೆ. ಆದರೆ ಹಲವು ರಾಜ್ಯಗಳ ಕಾನೂನಿನ ದೃಷ್ಟಿಯಲ್ಲಿ ಅಲ್ಲಿ ಮದುವೆಯೇ ನಡೆದಿರುವುದಿಲ್ಲ. ಗಂಡ ಕೈಬಿಟ್ಟರೆ ಆಕೆಗೆ ಹೆಂಡತಿಯಾಗಿ ಜೀವನಾಂಶ ಕೇಳುವ ಹಕ್ಕಿಲ್ಲ, ಆಸ್ತಿಯ ವಿಭಜನೆಯಿಲ್ಲ. ಗಂಡ ಮೃತಪಟ್ಟರೆ ವಿಧವೆಗೆ ಸಿಗುವ ಸೋಶಿಯಲ್ ಸೆಕ್ಯೂರಿಟಿ ಭತ್ತೆಗೆ ಆಕೆ ವಿಧವೆಯೇ ಅಲ್ಲ. ಶರೀಅತ್ ಆಕೆಗೆ ಕೊಟ್ಟ ಮಹ್ರ್ ಮತ್ತು ವಾರೀಸು ಹಕ್ಕನ್ನು ವಸೂಲು ಮಾಡಿಕೊಡುವವರೂ ಅಲ್ಲಿ ಯಾರಿಲ್ಲ. ಪುರುಷನಿಗೆ ಮದುವೆಯ ಸವಲತ್ತು, ಸ್ತ್ರೀಗೆ ಬರಿಯ ಸಾಕ್ಷಿಗಳ ನೆನಪು. ಇದನ್ನು ಧರ್ಮನಿಷ್ಠೆಯೆಂದು ಕರೆಯಬೇಕೇ?

ಇನ್ನೊಂದು ಮಗ್ಗುಲನ್ನೂ ನೋಡಬೇಕು. ಹೀಗೆ ಕೈಬಿಡಲ್ಪಟ್ಟ ಆ ಹೆಣ್ಣು ಕೌಂಟಿಯ ಪುಸ್ತಕದಲ್ಲಿ ಇಲ್ಲ. ನಾಳೆ ಅದೇ ಹುಡುಗನ ಪ್ರಸ್ತಾಪ ನಮ್ಮ ಊರಿಗೆ ಬಂದಾಗ, ಎಚ್ಚರದಿಂದ ಹುಡುಕುವ ತಂದೆಯ ಕಣ್ಣಿಗೂ ಆಕೆ ಬೀಳುವುದಿಲ್ಲ. ಮೊದಲನೆಯವಳಿಗೆ ಆದ ಅನ್ಯಾಯವೇ ಎರಡನೆಯವಳ ಅನ್ಯಾಯಕ್ಕೆ ದಾರಿ ಮಾಡಿಕೊಡುತ್ತದೆ. ನಿಕಾಹನ್ನು ಬಹಿರಂಗಪಡಿಸಬೇಕೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಆದರೆ ಅವರ ಅನುಯಾಯಿಗಳು ಅವರದೇ ಹೆಸರಿನಲ್ಲಿ ಮದುವೆಗಳನ್ನು ಬಚ್ಚಿಡುತ್ತಿದ್ದಾರೆ.

ನಿಕಾಹ್‌ಗೆ ಸರಕಾರದ ಅಪ್ಪಣೆ ಏಕೆ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವವನು ನಾನಲ್ಲ. ಅಪ್ಪಣೆಯ ಇತಿಹಾಸ ಅಷ್ಟು ಶುಭ್ರವಾಗಿಲ್ಲ. ವರ್ಜೀನಿಯಾ ರಾಜ್ಯವು 1924ರಲ್ಲಿ ಜನಾಂಗೀಯ ಶುದ್ಧತೆಯ ಕಾಯ್ದೆ ತಂದಿತು. ಬಿಳಿಯರು ಬಿಳಿಯರಲ್ಲದವರನ್ನು ಮದುವೆಯಾಗುವುದು ಅಪರಾಧವಾಯಿತು, ಪರವಾನಿಗೆಯ ಕಾಗದವೇ ಅದರ ಕಾವಲುಗಾರನಾಯಿತು. ರಿಚರ್ಡ್ ಲವಿಂಗ್ ಎಂಬ ಬಿಳಿಯ ಮತ್ತು ಮಿಲ್ಡ್ರೆಡ್ ಎಂಬ ಬಿಳಿಯಳಲ್ಲದ ಯುವತಿ 1958ರ ಜೂನ್‌ನಲ್ಲಿ ವಾಷಿಂಗ್ಟನ್ನಿಗೆ ಹೋಗಿ ಮದುವೆಯಾಗಿ ಬಂದರು. ಮರು ತಿಂಗಳು ಕ್ಯಾರೊಲೈನ್ ಕೌಂಟಿಯ ಪೊಲೀಸರು ರಾತ್ರಿ ಅವರ ಮಲಗುವ ಕೋಣೆಗೆ ನುಗ್ಗಿದರು. ಗೋಡೆಗೆ ತೂಗುಹಾಕಿದ್ದ ವಿವಾಹ ಪತ್ರವನ್ನು ತೋರಿಸಿದಾಗ ಅದು ಇಲ್ಲಿ ನಡೆಯುವುದಿಲ್ಲ ಎಂಬ ಉತ್ತರ ಬಂತು. ಒಂದು ವರ್ಷದ ಸಜೆ. 25 ವರ್ಷ ಇಬ್ಬರೂ ಒಟ್ಟಾಗಿ ರಾಜ್ಯಕ್ಕೆ ಕಾಲಿಡದಿದ್ದರೆ ಸಜೆ ಅಮಾನತು. 1967ರ ಜೂನ್ 12ರಂದು ಸುಪ್ರೀಂ ಕೋರ್ಟು ಈ ಕಾನೂನನ್ನು ರದ್ದುಪಡಿಸಿದಾಗ 16 ರಾಜ್ಯಗಳಲ್ಲಿ ಇಂತಹ ಕಾನೂನುಗಳು ಜೀವಂತವಿದ್ದವು. ಅಷ್ಟಾದರೂ ಆ ರೋಗ ಪೂರ್ತಿ ವಾಸಿಯಾಗಲಿಲ್ಲ. ಪರವಾನಿಗೆ ಬೇಕಾದರೆ ನಿಮ್ಮ ಜನಾಂಗ ಯಾವುದೆಂದು ಬರೆಯಿರಿ ಎಂಬ ನಿಯಮ ವರ್ಜೀನಿಯಾದಲ್ಲಿ 2019ರವರೆಗೂ ಇತ್ತು. ಆ ವರ್ಷ ಕೆಲವು ಜೋಡಿಗಳು ಮೊಕದ್ದಮೆ ಹೂಡಿದ ಬಳಿಕವೇ ಅದು ಬಿದ್ದುಹೋಯಿತು.

ಆದರೆ ಅದೇ ದೇಶದ ಅದೇ ಕೌಂಟಿ ಕೋರ್ಟುಗಳಲ್ಲಿ ಬೇರೊಂದು ಪುಸ್ತಕವೂ ಇದೆ. ಗುಲಾಮರ ಮದುವೆಗೆ ಅಲ್ಲಿ ಕಾನೂನಿನ ಮಾನ್ಯತೆ ಇರಲಿಲ್ಲ. ಒಡೆಯ ಬಯಸಿದಾಗ ಗಂಡನನ್ನು ಒಂದೆಡೆಗೆ, ಹೆಂಡತಿಯನ್ನು ಇನ್ನೊಂದೆಡೆಗೆ ಮಾರಬಹುದಿತ್ತು. ಗುಲಾಮಗಿರಿ ಕೊನೆಗೊಂಡ ಮೇಲೆ ನಾರ್ತ್ ಕ್ಯಾರೊಲಿನಾ 1866ರಲ್ಲಿ ಒಂದು ಕಾನೂನು ಮಾಡಿತು. ಜೊತೆಯಾಗಿ ಬಾಳುತ್ತಿದ್ದ ಬಿಡುಗಡೆ ಹೊಂದಿದ ದಂಪತಿ ಕೌಂಟಿ ಕೋರ್ಟಿನ ಕ್ಲರ್ಕಿನ ಅಥವಾ ಸ್ಥಳೀಯ ಮ್ಯಾಜಿಸ್ಟ್ರೇಟರ ಮುಂದೆ ಬಂದು, ತಮ್ಮ ಸಹಬಾಳ್ವೆ ಎಂದು ಆರಂಭವಾಯಿತೆಂದು ಹೇಳಿ ಬರೆಸಬೇಕು. ಶುಲ್ಕ 25 ಸೆಂಟ್. ಆ ಕಾನೂನನ್ನು ಮಾಡಿದವರು ಕರಿಯರ ಮಿತ್ರರೇನೂ ಆಗಿರಲಿಲ್ಲ. ಆದರೂ ಜನ ಬಂದರು. ಹತ್ತಾರು ವರ್ಷ ಜೊತೆಗೆ ಬಾಳಿದ್ದ ಮುದುಕ ಮುದುಕಿಯರು ಬಂದು, ಹೆಸರು ಹೇಳಿ, ವರ್ಷಗಳ ಲೆಕ್ಕ ಕೊಟ್ಟು ಬರೆಸಿದರು. ತಾನು ಒಬ್ಬನ ಹೆಂಡತಿ, ಮಾರಾಟದ ಸರಕಲ್ಲ ಎಂದು ಹೇಳುವ ಕಾಗದದ ಬೆಲೆ ಅವರಿಗೆ ಗೊತ್ತಿತ್ತು. ಇಂದು ಅಲ್ಲಿನ ಕರಿಯರು ತಮ್ಮ ಅಜ್ಜ ಮುತ್ತಜ್ಜಂದಿರನ್ನು ಹುಡುಕಿಕೊಂಡು ಹೋಗುವುದು ಈ ಪುಸ್ತಕಗಳಿಗೇ.

ಪರವಾನಿಗೆ ಬೇರೆ, ದಾಖಲೆ ಬೇರೆ. ಮೊದಲನೆಯದು ಪ್ರಬಲನು ದುರ್ಬಲನ ಮುಂದೆ ಹಾಕುವ ಗೇಟು ಆಗಬಲ್ಲದು. ಎರಡನೆಯದು ದುರ್ಬಲನ ಕೈಯಲ್ಲಿರುವ ಸಾಕ್ಷ್ಯ. ಇವೆರಡನ್ನೂ ಬೇರ್ಪಡಿಸಲು ಸಾಧ್ಯವೆಂಬುದಕ್ಕೆ ಅಲಬಾಮಾ ರಾಜ್ಯವೇ ನಿದರ್ಶನ. 2015ರ ಸಲಿಂಗ ವಿವಾಹ ತೀರ್ಪಿನ ತರುವಾಯ ಅಲ್ಲಿನ ಕೆಲವು ಪ್ರೊಬೇಟ್ ನ್ಯಾಯಾಧೀಶರು ಯಾರಿಗೂ ಪರವಾನಿಗೆ ಕೊಡುವುದನ್ನೇ ನಿಲ್ಲಿಸಿಬಿಟ್ಟಿದ್ದರು. 2019ರ ಆಗಸ್ಟ್ 29ರಿಂದ ಅಲ್ಲಿ ಪರವಾನಿಗೆಯೇ ರದ್ದಾಯಿತು. ವಧೂವರರು ತಾವು ಸದ್ಯ ಬೇರೆಯವರೊಂದಿಗೆ ವಿವಾಹಿತರಲ್ಲವೆಂದು ನೋಟರಿಯ ಮುಂದೆ ಪ್ರಮಾಣ ಮಾಡಿ ನಮೂನೆಗೆ ಸಹಿ ಹಾಕುತ್ತಾರೆ, ಕೋರ್ಟು ಅದನ್ನು ದಾಖಲಿಸುತ್ತದೆ. ಕಾರಣ ಏನೇ ಇರಲಿ, ಅಪ್ಪಣೆ ಹೋಯಿತು, ಪುಸ್ತಕ ಉಳಿಯಿತು.

ನಮ್ಮಲ್ಲಿ ಈ ಎರಡನ್ನೂ ಕಲಸಿ ಗೊಂದಲ ಮಾಡುವವರು ಎರಡೂ ಕಡೆ ಇದ್ದಾರೆ. ವಿಶೇಷ ವಿವಾಹ ಕಾಯ್ದೆಯ ಕಚೇರಿಯಲ್ಲಿ 30 ದಿನ ನೋಟೀಸು ತೂಗುಹಾಕಿ ಯಾರಾದರೂ ತಕರಾರು ಮಾಡುತ್ತಾರೋ ಎಂದು ಕಾಯುವುದು ದಾಖಲಾತಿಯಲ್ಲ, ಅಪ್ಪಣೆಯ ಇನ್ನೊಂದು ವೇಷ. ಅದನ್ನು ವಿರೋಧಿಸೋಣ. ಆದರೆ ನಡೆದ ನಿಕಾಹನ್ನು ನೋಂದಾಯಿಸಿ ಎಂದರೆ ಶರೀಅತ್‌ನಲ್ಲಿ ಹಸ್ತಕ್ಷೇಪ ಎಂದು ಕೂಗುವುದೇಕೆ? ಕುರ್‌ಆನಿನ ಅತಿ ದೀರ್ಘ ಸೂಕ್ತ ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾಗಿದೆ. ಸಾಲಕ್ಕೆ ಪತ್ರ ಬೇಕು, ಹೆಣ್ಣಿನ ಬಾಳಿಗೆ ಬೇಡವೇ?

ಕರ್ನಾಟಕದಲ್ಲಿ ವಿವಾಹ ನೋಂದಣಿಯ ಕಾಯ್ದೆ 1976ರದ್ದು. ಎಲ್ಲ ಧರ್ಮೀಯರ ವಿವಾಹಗಳ ನೋಂದಣಿ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟು 2006ರಲ್ಲಿ ಹೇಳಿತು. ಆದರೂ ವೀಸಾಕ್ಕೆ ಅರ್ಜಿ ಹಾಕುವ ದಿನ ಬರುವವರೆಗೆ ನಮಗೆ ಅದರ ನೆನಪಾಗುವುದಿಲ್ಲ. 2023ರಲ್ಲಿ ರಾಜ್ಯ ಸರಕಾರವು ವಕ್ಫ್ ಮಂಡಳಿಗೇ ಪ್ರಮಾಣಪತ್ರ ನೀಡುವ ಅಧಿಕಾರ ಕೊಟ್ಟಾಗ ನಾವು ನಿಟ್ಟುಸಿರು ಬಿಟ್ಟೆವು. 2024ರ ನವೆಂಬರ್‌ನಲ್ಲಿ ಹೈಕೋರ್ಟು ಆ ಆದೇಶಕ್ಕೆ ತಡೆ ನೀಡಿತು. ಇಂತಹ ಅಡ್ಡದಾರಿಗಳಿಗಾಗಿ ಕಾಯುವ ಬದಲು ಉಪನೋಂದಣಾಧಿಕಾರಿಯ ಕಚೇರಿಗೆ ಹೋಗಲು ನಮಗೇನು ಅಡ್ಡಿ?

ಮಹಲ್ಲ್ ಕಮಿಟಿಗಳು ಇಂದೇ ಮಾಡಬಹುದಾದ ಕೆಲಸವಿದೆ. ವಿದೇಶದಲ್ಲಿರುವ ವರನಿಂದ ಆತ ನೆಲೆಸಿದ್ದ ಎಲ್ಲ ಊರು ಮತ್ತು ಕೌಂಟಿಗಳ ಹೆಸರನ್ನು, ಹಿಂದಿನ ಮದುವೆ ಇದ್ದರೆ ಅದರ ವಿಚ್ಛೇದನ ತೀರ್ಪಿನ ದೃಢೀಕೃತ ಪ್ರತಿಯನ್ನು ಲಿಖಿತವಾಗಿ ಕೇಳಬೇಕು. ಇಲ್ಲಿ ನಿಕಾಹ್ ನಡೆದರೆ ಹೆಣ್ಣು ವಿಮಾನ ಹತ್ತುವ ಮುನ್ನ ನೋಂದಣಿ ಮುಗಿದಿರಬೇಕು. ನಿಕಾಹ್ ಅಲ್ಲಿಯೇ ನಡೆಯುವುದಾದರೆ ಕೌಂಟಿಯ ಪರವಾನಿಗೆಯನ್ನು ನೋಡದೆ ಖುತ್ಬಾ ಓದಬಾರದೆಂದು ಅಲ್ಲಿನ ಇಮಾಮರಿಗೆ ಹೆಣ್ಣಿನ ತಂದೆಯೇ ಪತ್ರ ಬರೆಯಬೇಕು. ವರನ ಕಡೆಯವರು ಮುನಿಸಿಕೊಂಡರೆ, ಅವರು ಮುನಿಸಿಕೊಂಡದ್ದು ಏಕೆಂದು ಅಂದೇ ವಿಚಾರಿಸಿ ತಿಳಿಯುವುದು ಒಳ್ಳೆಯದು.