ಪರದೆ ಮೇಲೆ ಅಕ್ಷರ ಕಲಸಿಹೋದ್ರೆ ಫೈಲ್ ಹಾಳಾಯ್ತು ಅಂತಲ್ಲ

ಲಿನಕ್ಸ್ ಕಂಪ್ಯೂಟರಿನ ಕಪ್ಪು ಪರದೆ, ಅಂದ್ರೆ ಟರ್ಮಿನಲ್, ಬಳಸೋರಿಗೆ ಈ ಅನುಭವ ಒಂದಲ್ಲ ಒಂದು ಸಲ ಆಗಿಯೇ ಇರುತ್ತೆ. ನಿನ್ನೆವರೆಗೂ ಅಚ್ಚುಕಟ್ಟಾದ ಚೌಕಟ್ಟಿನೊಳಗೆ ಕೂತಿದ್ದ ಮೆನು ಇವತ್ತು ತೆರೆದ್ರೆ ಚೌಕಟ್ಟೇ ಮಾಯ. ಗೆರೆ ಇರಬೇಕಾದ ಜಾಗದಲ್ಲೆಲ್ಲ ತಲೆ ಮೇಲೆ ಟೋಪಿ ಹಾಕ್ಕೊಂಡ ಇಂಗ್ಲಿಷ್ ‘ಎ’ಗಳ ಸಾಲು. ಇನ್ನು ಕೆಲವರಿಗೆ ‘ಎಲ್, ಕ್ಯು, ಕ್ಯು, ಕ್ಯು, ಕೆ’ ಅನ್ನೋ ಅರ್ಥವಿಲ್ಲದ ಅಕ್ಷರಗಳು. ಏನಾಯ್ತು ಅಂತ ಕೇಳಿದ್ರೆ ಹೆಚ್ಚಿನವರ ಉತ್ತರ ಒಂದೇ: ‘ಏನೂ ಮಾಡಿಲ್ಲ, ಎನ್‌ಕೋಡಿಂಗ್ ಒಂದು ಬದಲಾಯಿಸಿದೆ ಅಷ್ಟೇ.’

ಅದೇ ‘ಅಷ್ಟೇ’ ಬಗ್ಗೆ ಈ ಸಲದ ಅಂಕಣ.

ಮೊದಲು ಒಂದು ಮಾತು ಗಟ್ಟಿ ಮಾಡ್ಕೊಳ್ಳಿ. ಪರದೆ ಮೇಲೆ ಅಕ್ಷರ ಕಲಸಿಹೋಗಿದೆ ಅಂದ ಮಾತ್ರಕ್ಕೆ ಒಳಗಿನ ಫೈಲ್ ಹಾಳಾಗಿದೆ ಅಂತ ಅರ್ಥ ಅಲ್ಲ. ಹತ್ತರಲ್ಲಿ ಒಂಬತ್ತು ಸಲ ಬರೆದದ್ದು ಸರಿಯಾಗೇ ಇರುತ್ತೆ, ಓದೋದು ತಪ್ಪಿರುತ್ತೆ. ಬೆಳಗಾವಿ, ಧಾರವಾಡದ ಕಡೆ ಹಳೇ ಮನೆಗಳಲ್ಲಿ ಮೋಡಿ ಲಿಪಿಯ ಜಮೀನಿನ ಕಾಗದಗಳು ಇರ್ತಾವಲ್ಲ, ಹಾಗೆ. ನಮಗೆ ಓದೋಕೆ ಬರಲ್ಲ ಅಂತ ಆ ಕಾಗದ ಸುಳ್ಳಾಗಲ್ಲ. ಓದಬಲ್ಲವರ ಕೈಗೆ ಕೊಡಬೇಕು, ಅಷ್ಟೇ. ಅಷ್ಟರಲ್ಲಿ ಯಾರೋ ಅದನ್ನ ರದ್ದಿಗೆ ಹಾಕದಂತೆ ನೋಡ್ಕೊಳ್ಳಬೇಕು.

ರದ್ದಿಗೆ ಹಾಕೋ ಮಾತು ಸುಮ್ಮನೆ ಹೇಳ್ತಿಲ್ಲ. ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಸುತ್ತಮುತ್ತಲ ಹಳ್ಳಿಗಳ ಹೊಲಗದ್ದೆಗಳ ಹೆಸರು ಕೂಡಿಸೋದು ಅವರ ಹುಚ್ಚು. ಯಾವ ಹೊಲಕ್ಕೆ ಯಾವ ಹೆಸರು, ಆ ಹೆಸರು ಯಾಕೆ ಬಂತು, ಹೇಳಿದವರು ಯಾರು, ಎಲ್ಲ 11 ವರ್ಷದಿಂದ ಟೈಪ್ ಮಾಡಿಟ್ಟಿದ್ದಾರೆ. ಹೇಳಿದವರಲ್ಲಿ ಸುಮಾರು ಜನ ಈಗಿಲ್ಲ. ಫೈಲ್‌ಗಳಿರೋದು ಮಹಡಿ ಮೇಲಿನ ಹಳೇ ಲಿನಕ್ಸ್ ಕಂಪ್ಯೂಟರಿನಲ್ಲಿ. ಮಂಡಿನೋವಿಗೆ ಮೆಟ್ಟಿಲು ಹತ್ತೋದು ಆಗಲ್ಲ ಅಂತ ಕೆಳಗಿನ ವಿಂಡೋಸ್ ಲ್ಯಾಪ್‌ಟಾಪಿನಿಂದಲೇ ಶೇರ್ ಮಾಡಿದ ಫೋಲ್ಡರಿನಲ್ಲಿ ಟೈಪ್ ಮಾಡ್ತಾರೆ. ಭಾನುವಾರ ಮಾತ್ರ ‘ಪುಟ್ಟಿ’ ಅನ್ನೋ ತಂತ್ರಾಂಶದ ಮೂಲಕ ಲಿನಕ್ಸ್‌ಗೆ ಲಾಗಿನ್ ಆಗಿ, ‘ಮಿಡ್‌ನೈಟ್ ಕಮಾಂಡರ್’ ಮೆನುವಿನಿಂದ ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ನಕಲು ಮಾಡ್ತಾರೆ. ಯಾವ ಕೀ ಆದ ಮೇಲೆ ಯಾವ ಕೀ ಅಂತ ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದಾರೆ.

ರಜೆಗೆ ಬಂದ ಮೊಮ್ಮಗ ಲಿನಕ್ಸನ್ನು ಹೊಸದು ಮಾಡಿ, ಹಳೇ ಲ್ಯಾಟಿನ್-1 ಎನ್‌ಕೋಡಿಂಗ್ ತೆಗೆದು ಯುಟಿಎಫ್-8 ಹಾಕಿ ಹೋದ. ಒಳ್ಳೇ ಕೆಲಸವೇ. ಆದ್ರೆ ಮುಂದಿನ ಭಾನುವಾರ ಮೇಷ್ಟ್ರು ಮೆನು ತೆರೆದ್ರೆ ಗೆರೆಗಳ ಬದಲು ಟೋಪಿ ‘ಎ’ಗಳು. ಗಾಬರಿಗೆ ಒಂದು ಫೈಲಿನ ಮೇಲೆ ನಿಂತು ಎಫ್3 ಒತ್ತಿ ನೋಡಿದ್ದಾರೆ. ಕನ್ನಡದ ಒಂದಕ್ಷರವೂ ಇಲ್ಲ! ರಿಪೇರಿ ಅಂಗಡಿಯ ಹುಡುಗ ಬಂದು ನೋಡಿ, ‘ಡಿಸ್ಕ್ ಕರಪ್ಟ್ ಆಗಿದೆ ಸರ್, ಫಾರ್ಮ್ಯಾಟ್ ಹೊಡೀಬೇಕು’ ಅಂದಿದ್ದಾನೆ.

ನಾನು ಹೋದಾಗ ಮೇಷ್ಟ್ರು ಲ್ಯಾಪ್‌ಟಾಪ್ ಮುಚ್ಚಿ ಅದರ ಮೇಲೆ ಟವೆಲ್ ಹೊದಿಸಿಟ್ಟಿದ್ರು. ‘ನೋಡಮ್ಮ, ನಾಳೆ ಫಾರ್ಮ್ಯಾಟ್ ಮಾಡೋಕೆ ಬರ್ತಾನಂತೆ. ಏನಾದ್ರೂ ಉಳಿಯುತ್ತಾ?’ ಅಂದ್ರು.

‘ಮೇಷ್ಟ್ರೇ, ಏನೂ ಹೋಗಿಲ್ಲ ಅನ್ಸುತ್ತೆ. ಮೊದಲು ಇನ್ನೊಬ್ಬರ ಕೈಲಿ ಓದಿಸಿ ನೋಡೋಣ’ ಅಂದೆ. ಅದೇ ಫೈಲನ್ನು ಶೇರ್ ಫೋಲ್ಡರಿನಿಂದ ಮಾಮೂಲಿ ಎಡಿಟರಿನಲ್ಲಿ ತೆರೆದೆ. ಕೆರೆಕೋಡಿ ಗದ್ದೆ, ಬಸವನ ಹೊಲ, ಎಲ್ಲ ಸ್ವಚ್ಛ ಕನ್ನಡದಲ್ಲಿ ಇದ್ದಲ್ಲೇ ಇದ್ವು. ಹಾಳಾಗಿದ್ದು ಡಿಸ್ಕಲ್ಲ. ಪುಟ್ಟಿ ಮತ್ತು ಲಿನಕ್ಸ್ ನಡುವಿನ ಮಾತುಕತೆ ತಪ್ಪಿತ್ತು.

ಅದು ಹೇಗೆ ಅಂತ ತಿಳ್ಕೊಂಡ್ರೆ ನಿಮ್ಮ ಮನೆ ಕಂಪ್ಯೂಟರನ್ನೂ ನೀವೇ ಸರಿಮಾಡಬಹುದು.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಗೊತ್ತು. ಒಂದು ಬೈಟ್ ಅಂದ್ರೆ 0ರಿಂದ 255ರೊಳಗಿನ ಒಂದು ಸಂಖ್ಯೆ. ಲ್ಯಾಟಿನ್-1 ಪದ್ಧತಿಯಲ್ಲಿ ಒಂದು ಬೈಟಿಗೆ ಒಂದು ಅಕ್ಷರ. ಯುರೋಪಿನ ಕೆಲವು ಭಾಷೆಗಳಿಗೆ ಅದು ಸಾಕಾಗಿತ್ತು, ನಮ್ಮ ಕನ್ನಡಕ್ಕೆ ಅಲ್ಲಿ ಜಾಗವೇ ಇರಲಿಲ್ಲ. 1991ರಲ್ಲಿ ಬಂದ ಯುನಿಕೋಡ್‌ನಲ್ಲಿ ಕನ್ನಡಕ್ಕೂ ಸ್ವಂತ ಜಾಗ ಸಿಕ್ಕಿತು. ಅದನ್ನು ಬೈಟ್‌ಗಳಲ್ಲಿ ಬರೆಯೋ ಯುಟಿಎಫ್-8 ಪದ್ಧತಿಯನ್ನು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರ ಸೆಪ್ಟೆಂಬರಿನಲ್ಲಿ ರೂಪಿಸಿದರು. ನ್ಯೂಜೆರ್ಸಿಯ ಹೋಟೆಲೊಂದರಲ್ಲಿ ರಾತ್ರಿ ಊಟಕ್ಕೆ ಕೂತಾಗ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಅದರ ಮೊದಲ ರೂಪ ಬರೆದರಂತೆ.

ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್, ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್. ನಮ್ಮ ‘ಅ’ ಅಂದ್ರೆ 224, 178, 133. ಮೆನುವಿನ ಅಡ್ಡಗೆರೆಗೂ 3 ಬೈಟ್: 226, 148, 128. ಲಿನಕ್ಸ್ ಈ ಮೂರು ಸಂಖ್ಯೆ ಕಳಿಸಿ ‘ಇದು ಒಂದು ಗೆರೆ’ ಅನ್ನುತ್ತೆ. ಲ್ಯಾಟಿನ್-1ಕ್ಕೆ ಹೊಂದಿಸಿದ ಪುಟ್ಟಿ ಅದನ್ನೇ ಮೂರು ಬೇರೆ ಅಕ್ಷರ ಅಂತ ಓದುತ್ತೆ. 226 ಅಂದ್ರೆ ಅದರ ಲೆಕ್ಕದಲ್ಲಿ ಟೋಪಿ ‘ಎ’. ಹಾಗಾಗಿ ಇಂಗ್ಲಿಷ್ ಮೆನುವಿನ ಪದಗಳೆಲ್ಲ ಸರಿಯಾಗಿ ಕಾಣುತ್ವೆ, ಚೌಕಟ್ಟು ಮಾತ್ರ ಕೆಡುತ್ತೆ.

ಕನ್ನಡಕ್ಕೂ ಒಂದು ಗುರುತಿದೆ, ನೆನಪಿಟ್ಟುಕೊಳ್ಳಿ. ನಮ್ಮ ಎಲ್ಲ ಚಿಹ್ನೆಗಳೂ 224, 178 ಅಥವಾ 224, 179 ಅಂತಲೇ ಶುರುವಾಗ್ತವೆ. ಲ್ಯಾಟಿನ್-1ರಲ್ಲಿ 224 ಅಂದ್ರೆ ತಲೆ ಮೇಲೆ ಓರೆ ಗೀಟಿರುವ ‘ಎ’. 178, 179 ಅಂದ್ರೆ ವರ್ಗ, ಘನ ಬರೆಯೋಕೆ ಮೇಲೆ ಹಾಕ್ತೀವಲ್ಲ, ಆ ಪುಟ್ಟ 2 ಮತ್ತು ಪುಟ್ಟ 3. ಗೀಟಿನ ‘ಎ’, ಪಕ್ಕದಲ್ಲಿ ಪುಟ್ಟ 2 ಅಥವಾ 3, ಇದೇ ಜೋಡಿ ಮತ್ತೆ ಮತ್ತೆ ಬರ್ತಿದೆಯಾ? ಹಾಗಾದ್ರೆ ಧೈರ್ಯವಾಗಿರಿ. ಒಳಗೆ ಕನ್ನಡ ಇದೆ. ಓದುವ ಕಿಟಕಿ ಮಾತ್ರ ತಪ್ಪಾಗಿದೆ.

ಈಗ ಸರಿಮಾಡೋ ಕ್ರಮ ನೋಡೋಣ.

ಮೊದಲನೆಯದು, ಲಿನಕ್ಸ್ ಯಾವ ಎನ್‌ಕೋಡಿಂಗ್‌ನಲ್ಲಿ ಮಾತಾಡ್ತಿದೆ ಅಂತ ಅದನ್ನೇ ಕೇಳಿ. ಟರ್ಮಿನಲ್‌ನಲ್ಲಿ ‘ಲೊಕೇಲ್ ಚಾರ್‌ಮ್ಯಾಪ್’ ಅಂತ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಯುಟಿಎಫ್-8 ಅಂತ ಬಂದ್ರೆ ಆ ಕಡೆ ಸರಿಯಿದೆ. ‘ಆನ್ಸಿ ಎಕ್ಸ್3.4-1968’ ಅಂತ ಬಂದ್ರೆ ಹೆದರಬೇಡಿ, ಅದು ಬರೀ ಇಂಗ್ಲಿಷ್ ತಿಳಿದ ಆಸ್ಕಿಯ ಹಳೇ ಹೆಸರು. ಲೊಕೇಲ್ ಹೊಂದಿಸಿಲ್ಲ, ಇಲ್ಲವೇ ನೀವು ಹೇಳಿದ ಲೊಕೇಲ್ ಆ ಕಂಪ್ಯೂಟರಿನಲ್ಲಿ ಇಲ್ಲ ಅಂತ ಅರ್ಥ. ಯಾವ್ಯಾವುದು ಇದೆ ಅಂತ ‘ಲೊಕೇಲ್’ ಮುಂದೆ ಜಾಗ ಬಿಟ್ಟು, ಅಡ್ಡಗೆರೆ ಹಾಕಿ ‘ಎ’ ಬರೆದ್ರೆ ಪಟ್ಟಿ ಬರುತ್ತೆ. ಉಬುಂಟು, ಡೆಬಿಯನ್ ಬಳಸೋರು ಲೊಕೇಲ್ಸ್ ಪ್ಯಾಕೇಜನ್ನು ಡಿಪಿಕೆಜಿ-ರಿಕಾನ್ಫಿಗರ್ ಆದೇಶದಿಂದ ಮತ್ತೆ ಹೊಂದಿಸಿ ಯುಟಿಎಫ್-8 ಇರೋದನ್ನ ಆರಿಸಿ. ಆಮೇಲೆ ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಿ. ಇದನ್ನ ಮರೆತು ‘ಏನೂ ಬದಲಾಗಲಿಲ್ಲ’ ಅನ್ನೋರೇ ಜಾಸ್ತಿ.

ಎರಡನೆಯದು, ಓದುವ ಕಡೆಯನ್ನ ನೋಡಿ. ಪುಟ್ಟಿಯ ಸೆಟ್ಟಿಂಗ್‌ನಲ್ಲಿ ವಿಂಡೋ, ಅದರೊಳಗೆ ಟ್ರಾನ್ಸ್‌ಲೇಷನ್, ಅಲ್ಲಿ ರಿಮೋಟ್ ಕ್ಯಾರೆಕ್ಟರ್ ಸೆಟ್ ಅಂತಿರುತ್ತೆ. ಅದು ಯುಟಿಎಫ್-8 ಆಗಿರಬೇಕು. ಬದಲಾಯಿಸಿದ ಮೇಲೆ ಸೆಷನ್ ಪುಟಕ್ಕೆ ವಾಪಸ್ ಬಂದು ಸೇವ್ ಮಾಡಿ, ಇಲ್ಲಾಂದ್ರೆ ಮುಂದಿನ ಸಲ ಮತ್ತೆ ಅದೇ ಗೋಳು. ಮೇಷ್ಟ್ರ ಮನೇಲಿ ನಾನು ಮಾಡಿದ್ದು ಇಷ್ಟೇ. ಚೌಕಟ್ಟು ಜಾಗಕ್ಕೆ ಬಂದು ಕೂತಿತು. ಹಳೇ ಸೆಷನ್ ಎಷ್ಟೋ ವರ್ಷದ ಹಿಂದೆ ಲ್ಯಾಟಿನ್-1ರಲ್ಲಿ ಸೇವ್ ಆಗಿತ್ತು, ಲಿನಕ್ಸ್ ಬದಲಾದದ್ದು ಅದಕ್ಕೆ ಯಾರೂ ಹೇಳಿರಲಿಲ್ಲ.

ಮೂರನೆಯದು, ‘ಎಲ್ ಕ್ಯು ಕ್ಯು ಕೆ’ ಕಾಯಿಲೆ. ಇದರ ಬೇರು 1978ರ ವಿಟಿ100 ಅನ್ನೋ ಟರ್ಮಿನಲ್‌ನಲ್ಲಿದೆ. ಅದರಲ್ಲಿ ಗೆರೆ ಎಳೆಯೋಕೆ ಒಂದು ಉಪಾಯವಿತ್ತು. ‘ಈಗಿಂದ ಚಿತ್ರ’ ಅಂತ ಗುಟ್ಟಿನ ಸಂಕೇತ ಕಳಿಸಿದ ಮೇಲೆ ‘ಕ್ಯು’ ಬರೆದ್ರೆ ಅಡ್ಡಗೆರೆ, ‘ಎಕ್ಸ್’ ಬರೆದ್ರೆ ಉದ್ದಗೆರೆ, ‘ಎಲ್’ ಮತ್ತು ‘ಕೆ’ ಅಂದ್ರೆ ಮೇಲಿನ ಎರಡು ಮೂಲೆ. ಕೆಲವು ಟರ್ಮಿನಲ್‌ಗಳು ಯುಟಿಎಫ್-8ಕ್ಕೆ ಬದಲಾದ ಮೇಲೆ ಆ ಸಂಕೇತಕ್ಕೆ ಕಿವಿಗೊಡಲ್ಲ. ಆಗ ಅಕ್ಷರ ಅಕ್ಷರವಾಗೇ ಉಳಿಯುತ್ತೆ. ಇದಕ್ಕೆ ಮದ್ದು: ಎನ್‌ಕರ್ಸಸ್, ನೋ, ಯುಟಿಎಫ್8, ಎಸಿಎಸ್ ಅನ್ನೋ ನಾಲ್ಕು ಪದಗಳನ್ನ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ, ನಡುವೆ ಅಂಡರ್‌ಸ್ಕೋರ್ ಹಾಕಿ ಬರೆದು, ಅದರ ಬೆಲೆ 1 ಅಂತ ಎಕ್ಸ್‌ಪೋರ್ಟ್ ಮಾಡಿ. ಎನ್‌ಕರ್ಸಸ್ ಬಳಸುವ ಮೆನುಗಳು ಆಗ ಹಳೇ ಉಪಾಯ ಬಿಟ್ಟು ಯುನಿಕೋಡ್ ಗೆರೆಗಳನ್ನೇ ಕಳಿಸುತ್ವೆ.

ಎನ್‌ಕೋಡಿಂಗ್ ಏನೂ ಬದಲಾಯಿಸಿಲ್ಲ, ಫೋಟೋ ಫೈಲೊಂದನ್ನ ಟರ್ಮಿನಲ್‌ನಲ್ಲಿ ತೆರೆದ ಮೇಲೆ ಎಲ್ಲ ಕೆಟ್ಟಿತು ಅನ್ನೋರು, ಕಣ್ಣಿಗೆ ಕಾಣದಿದ್ರೂ ಸರಿ, ‘ರೀಸೆಟ್’ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಅಷ್ಟಕ್ಕೇ ಸರಿಹೋಗುತ್ತೆ.

ಇಷ್ಟೆಲ್ಲ ಆದ ಮೇಲೂ ಟರ್ಮಿನಲ್‌ನಲ್ಲಿ ಕನ್ನಡ ಮುದ್ದಾಗಿ ಕಾಣದೆ ಹೋಗಬಹುದು. ಒತ್ತಕ್ಷರ ಬಿಡಿಬಿಡಿಯಾಗಿ, ಕೊಂಬು ದೂರ ಸರಿದು ಕೂತಿರಬಹುದು. ಟರ್ಮಿನಲ್ ಅಂದ್ರೆ ಚೌಕಳಿ ಹಾಳೆ ಇದ್ದಂತೆ, ಒಂದು ಮನೆಗೆ ಒಂದು ಅಕ್ಷರ ಅನ್ನೋದು ಅದರ ಲೆಕ್ಕ. ನಮ್ಮ ಅಕ್ಷರಗಳು ಒಂದರ ಕೆಳಗೊಂದು ಸೇರ್ಕೊಂಡು ಬದುಕೋವು. ಇನ್ನು ಗ್ರಾಫಿಕ್ಸ್ ಇಲ್ಲದ ಬರೀ ಲಿನಕ್ಸ್ ಕನ್ಸೋಲ್‌ನ ಫಾಂಟಿನಲ್ಲಿ ಹೆಚ್ಚೆಂದರೆ 512 ಆಕೃತಿಗಳಿಗೆ ಜಾಗ. ಅಲ್ಲಿ ಮೆನು ಕನ್ನಡದಲ್ಲಿ ಬರಲಿ ಅಂತ ಹೊರಟ್ರೆ ಚೌಕಗಳೇ ಕಾಣೋದು. ಅಲ್ಲಿಗೆ ಇಂಗ್ಲಿಷ್ ಮೆನು ಇರಲಿ, ಎನ್‌ಕೋಡಿಂಗ್ ಮಾತ್ರ ಯುಟಿಎಫ್-8 ಇರಲಿ. ಕನ್ನಡ ಓದೋದನ್ನ ಮಾಮೂಲಿ ಎಡಿಟರಿನಲ್ಲಿ ಇಟ್ಟುಕೊಳ್ಳಿ.

ಈಗ ಈ ಅಂಕಣದ ಮುಖ್ಯ ಎಚ್ಚರಿಕೆ. ಕಲಸಿಹೋದ ರೂಪದಲ್ಲಿ ಕಾಣ್ತಿರೋ ಫೈಲನ್ನ ದಯವಿಟ್ಟು ಸೇವ್ ಮಾಡಬೇಡಿ. ತಪ್ಪಾಗಿ ಓದಿದ್ದು ಪರದೆ ಮೇಲಿರೋವರೆಗೂ ನಷ್ಟವಿಲ್ಲ. ಸೇವ್ ಒತ್ತಿದ್ರೆ ಆ ತಪ್ಪು ಓದೇ ಬರಹ ಆಗುತ್ತೆ. ಲ್ಯಾಟಿನ್-1 ಅಂತ ಓದಿದ್ದನ್ನ ಯುಟಿಎಫ್-8ರಲ್ಲಿ ಸೇವ್ ಮಾಡಿದ್ರೆ 3 ಬೈಟಿನ ಅಕ್ಷರ 6 ಬೈಟ್ ಆಗುತ್ತೆ, ಕನ್ನಡದ ಫೈಲಿನ ಗಾತ್ರ ಹೆಚ್ಚುಕಡಿಮೆ ಎರಡರಷ್ಟು ಆಗುತ್ತೆ. ಇದನ್ನೂ ‘ಐಕಾನ್ವ್’ ಅನ್ನೋ ಆದೇಶದಿಂದ ಹಿಂದಕ್ಕೆ ತಿರುಗಿಸಬಹುದು, ಯುಟಿಎಫ್-8ರಿಂದ ಲ್ಯಾಟಿನ್-1ಕ್ಕೆ ಒಂದು ಸಲ. ಆದ್ರೆ ಎಡಿಟರ್ ತನಗೆ ತಿಳಿಯದ ಅಕ್ಷರದ ಜಾಗದಲ್ಲೆಲ್ಲ ಪ್ರಶ್ನೆ ಚಿಹ್ನೆ ಹಾಕಿ ಸೇವ್ ಮಾಡಿದ್ರೆ ಮುಗೀತು. ಪ್ರಶ್ನೆ ಚಿಹ್ನೆಯಿಂದ ‘ಕ’ ಯಾವುದು, ‘ಮ’ ಯಾವುದು ಅಂತ ಯಾವ ಆದೇಶವೂ ಹುಡುಕಿ ಕೊಡಲ್ಲ.

ಹಾಗಾಗಿ ಏನು ಮಾಡೋದಿದ್ರೂ ಮೊದಲು ಒಂದು ನಕಲು ತೆಗೀರಿ, ಕೆಲಸವೆಲ್ಲ ನಕಲಿನ ಮೇಲೆ. ಫೈಲಿನ ಹೆಸರುಗಳೇ ಹಳೇ ಎನ್‌ಕೋಡಿಂಗ್‌ನಲ್ಲಿ ಉಳಿದಿದ್ರೆ ‘ಕಾನ್ವ್‌ಎಂವಿ’ ಅನ್ನೋ ಉಪಕರಣ ಇದೆ. ಅದು ಮೊದಲು ಏನು ಬದಲಾಗುತ್ತೆ ಅಂತ ತೋರಿಸುತ್ತೆ, ನೀವು ‘ನೋಟೆಸ್ಟ್’ ಅಂತ ಸೇರಿಸಿ ಹೇಳೋವರೆಗೂ ಹೆಸರು ಮುಟ್ಟಲ್ಲ. ಒಳ್ಳೇ ಸ್ವಭಾವ.

ನುಡಿ, ಬರಹದ ಹಳೇ ಆವೃತ್ತಿಗಳಲ್ಲಿ ಟೈಪ್ ಮಾಡಿದ ಫೈಲ್‌ಗಳು ಬೇರೆ ಜಾತಿ. ಅವುಗಳಲ್ಲಿ ಇಂಗ್ಲಿಷ್ ಮತ್ತು ಲ್ಯಾಟಿನ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕೃತಿಗಳನ್ನ ಕೂರಿಸಿದ ಫಾಂಟ್ ಇರುತ್ತೆ. ಆ ಫಾಂಟ್ ಹಾಕಿದ ಕೂಡಲೇ ಕನ್ನಡ ಕಂಡ್ರೆ ಇದೇ ಸಂಗತಿ ಅಂತ ತಿಳೀರಿ. ಇದಕ್ಕೆ ಐಕಾನ್ವ್ ನಡೆಯಲ್ಲ, ಹಳೇ ನುಡಿ ಅಥವಾ ಬರಹದಿಂದ ಯುನಿಕೋಡ್‌ಗೆ ಬದಲಿಸೋ ಪರಿವರ್ತಕವೇ ಬೇಕು. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಇರೋ ಸಾಲುಗಳನ್ನ ಕಣ್ಣಿಟ್ಟು ಓದಿ, ಎಡವೋದು ಅಲ್ಲೇ.

ಮನೆಗೆ ರಿಪೇರಿಯವರು ಬಂದು ಫಾರ್ಮ್ಯಾಟ್ ಅಂದ್ರೆ ಮೂರು ಪ್ರಶ್ನೆ ಕೇಳಿ. ಬೇರೆ ತಂತ್ರಾಂಶದಲ್ಲಿ ತೆರೆದು ನೋಡಿದ್ರಾ? ಎರಡೂ ಕಡೆಯ ಎನ್‌ಕೋಡಿಂಗ್ ಒಂದೇ ಇದೆಯಾ? ನಕಲು ತೆಗೆದ್ರಾ? ಮೂರಕ್ಕೂ ‘ಹೌದು’ ಅನ್ನೋವರೆಗೂ ಡಿಸ್ಕ್ ಅವರ ಕೈಗೆ ಕೊಡಬೇಡಿ. ಮೇಷ್ಟ್ರು ಈಗ ಈ ಮೂರನ್ನೂ ಡೈರಿಯಲ್ಲಿ, ಕೀಗಳ ಪಟ್ಟಿಯ ಕೆಳಗೇ ಬರ್ಕೊಂಡಿದ್ದಾರೆ.

ನಿಮ್ಮ ಪರದೆ ಮೇಲೆ ಇಲ್ಲಿ ಹೇಳದ ಬೇರೇನಾದ್ರೂ ವಿಚಿತ್ರ ಕಂಡ್ರೆ ಅದರ ಫೋಟೋ ತೆಗೆದು ಅಂಕಣಕ್ಕೆ ಕಳಿಸಿ. ಕಳಿಸುವಾಗ ಲಿನಕ್ಸಿನ ಚಾರ್‌ಮ್ಯಾಪ್ ಏನಂತು ಅನ್ನೋದನ್ನೂ ಒಂದು ಸಾಲು ಬರೀರಿ, ಅರ್ಧ ಉತ್ತರ ಅದರಲ್ಲೇ ಸಿಗುತ್ತೆ.