ಆಲ್ದೋ ಇದ್ದ ಮೇಲೆ ಬಟ್ ಯಾಕೆ? (ಗ್ರಾಮರ್ ಜಗಳ, ಭಾಗ 4)

"ನೀವು ಕನ್ನಡದಲ್ಲಿ ಯೋಚನೆ ಮಾಡ್ತೀರಿ, ಅದಕ್ಕೇ ನಿಮ್ಮ ಇಂಗ್ಲಿಷ್ ತಪ್ಪು." ಕನ್ನಡ ಮೀಡಿಯಂನಿಂದ ಬಂದವರಲ್ಲಿ ಈ ಮಾತು ಕೇಳದವರು ಯಾರಿದ್ದೀರಿ? ಫ್ರೆಂಡ್ಸ್, ಕಂಜಂಕ್ಷನ್ ವಿಷಯದಲ್ಲಂತೂ ಈ ಮಾತನ್ನ ನಾನು ಒಪ್ಪಲ್ಲ. ಯಾಕೆ ಅಂತ ನೋಡಿ.

👉 1. ಆಲ್ದೋ, ಬಟ್
"ಆಲ್ದೋ ಇಟ್ ರೇನ್ಡ್, ಬಟ್ ವಿ ಪ್ಲೇಡ್." ತಪ್ಪು. ಇದನ್ನೇ ಕನ್ನಡದಲ್ಲಿ ಹೇಳಿ: "ಮಳೆ ಬಂದರೂ ಆಡಿದ್ವಿ." "ಮಳೆ ಬಂದರೂ ಆದರೆ ಆಡಿದ್ವಿ" ಅಂತ ಯಾರಾದ್ರೂ ಅಂತಾರಾ? "ಬಂದರೂ" ಕೊನೆಯ ಆ "ಊ" ಒಂದೇ ಸಾಕು. ಇಂಗ್ಲಿಷಿಗೂ ಒಂದೇ ಸಾಕು. ಆಲ್ದೋ ಇಡಿ, ಇಲ್ಲಾ ಬಟ್ ಇಡಿ.

👉 2. ಅನ್‌ಲೆಸ್
"ಅನ್‌ಲೆಸ್ ಯು ಡೋಂಟ್ ಸ್ಟಡಿ, ಯು ವೋಂಟ್ ಪಾಸ್." ಇದೂ ತಪ್ಪು. ಅನ್‌ಲೆಸ್ ಅಂದ್ರೆ "ಹೊರತು" ಅಂತ ಬಾಯಿಪಾಠ ಮಾಡಿಸ್ತಾರೆ. ಆದರೆ ನಾವು ಹೇಳೋದು "ಓದದ ಹೊರತು ಪಾಸಾಗಲ್ಲ" ಅಂತ. "ಓದದ" ಅನ್ನೋದ್ರಲ್ಲಿ ಒಂದು "ಇಲ್ಲ" ಅಡಗಿದೆ. ಆ "ಇಲ್ಲ"ವೂ ಅನ್‌ಲೆಸ್ ಹೊಟ್ಟೆಯಲ್ಲೇ ಇದೆ. ಮತ್ತೆ ಡೋಂಟ್ ಯಾಕೆ? "ಅನ್‌ಲೆಸ್ ಯು ಸ್ಟಡಿ" ಅಂದ್ರೇನೇ "ಓದದಿದ್ದರೆ".

👉 3. ಇಫ್, ವೆದರ್
"ಲೆಟ್ ಮಿ ನೋ ಇಫ್ ಯು ಆರ್ ಕಮಿಂಗ್." ಗ್ರಾಮರ್ ಸರಿ, ಆದರೆ ಅರ್ಥ ಎರಡು. "ಬರೋದಾದ್ರೆ ತಿಳಿಸು" ಅಂತಲೋ, "ಬರ್ತೀಯೋ ಇಲ್ವೋ ತಿಳಿಸು" ಅಂತಲೋ? ಮೊದಲನೇದಾದ್ರೆ, ಬರದೇ ಇರೋರು ಸುಮ್ಮನಿರಬಹುದು. ಎರಡನೇದಾದ್ರೆ ಉತ್ತರ ಕೊಡಲೇಬೇಕು, ಆಗ ವೆದರ್ ಹಾಕಿ. ಇಂಗ್ಲಿಷ್ ಗೊಂದಲ ಮಾಡೋ ಜಾಗದಲ್ಲಿ ಕನ್ನಡ ಎಷ್ಟು ಕ್ಲಿಯರ್ ನೋಡಿ: "ರೆ" ಬಂದ್ರೆ ಇಫ್, "ಓ... ಓ" ಬಂದ್ರೆ ವೆದರ್.

ಪದಕ್ಕೆ ಪದ ಜೋಡಿಸಿದ್ರೆ ತಪ್ಪಾಗುತ್ತೆ, ಅದು ನಿಜ. ಆದರೆ ಅದು ಕನ್ನಡದಲ್ಲಿ ಯೋಚನೆ ಮಾಡೋದಲ್ಲ, ಪಟ್ಟಿ ಉರು ಹೊಡೆಯೋದು. ಬಿಟ್ಟ ಸ್ಥಳ ತುಂಬಿಸಿ, ಮಾರ್ಕ್ಸ್ ತಗೊಳ್ಳಿ, ಮರೆತುಬಿಡಿ: ನಮಗೆ ಕಲಿಸಿದ್ದು ಇಷ್ಟೇ. ಇಡೀ ವಾಕ್ಯದ ಅರ್ಥ ಏನು ಅಂತ ಯಾರೂ ಕೇಳಲಿಲ್ಲ. ಕಲಿಸೋ ರೀತಿಯ ತಪ್ಪನ್ನ ನಮ್ಮ ಭಾಷೆ ತಲೆಗೆ ಕಟ್ಟಿದ್ರು. ಅದನ್ನ ನಂಬಿ ಎಷ್ಟು ಜನ ಸೆಮಿನಾರಲ್ಲಿ, ಇಂಟರ್‌ವ್ಯೂನಲ್ಲಿ ಬಾಯಿ ಮುಚ್ಕೊಂಡು ಕೂತಿದ್ದೀವಿ!

ಇನ್ಮೇಲೆ ಯಾರಾದ್ರೂ "ಕನ್ನಡ ಮರೆತು ಇಂಗ್ಲಿಷ್ ಕಲಿ" ಅಂದ್ರೆ ಆ ಮಳೆ ವಾಕ್ಯ ಹೇಳಿ.

ಈಗ ನಿಮ್ಮ ಸರದಿ: "ಅವನು ಬರೋ ತನಕ ಕಾಯ್ತೀನಿ." ಇದರಲ್ಲಿ ಎಲ್ಲಾದ್ರೂ "ಇಲ್ಲ" ಇದೆಯಾ? ನೋಡ್ಕೊಂಡು, ಅನ್‌ಟಿಲ್ ಹಾಕಿ ಕಾಮೆಂಟಲ್ಲಿ ಬರೀರಿ 👇

#ಗ್ರಾಮರ್_ಜಗಳ #ಕನ್ನಡ_ಮೀಡಿಯಂ